ದೊಡ್ಡ ಕ್ಲಬ್ ನಮ್ಮ ಮ್ಯಾನೇಜರ್‌ನ ಎಗರಿಸಿಕೊಂಡು ಹೋದ್ರೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಫುಟ್‌ಬಾಲ್ ತಂಡ ಚೆನ್ನಾಗಿ ಆಡುತ್ತಿದೆ. ಅಂಕಪಟ್ಟಿ ನೋಡಿದರೆ ಖುಷಿಯಾಗುತ್ತದೆ. ಅಷ್ಟರಲ್ಲಿ ಯಾವುದೋ ದೊಡ್ಡ ಕ್ಲಬ್ ತನ್ನ ಮ್ಯಾನೇಜರ್‌ನನ್ನು, ಅಂದರೆ ತಂಡದ ಮುಖ್ಯ ಕೋಚ್‌ನನ್ನು, ಮನೆಗೆ ಕಳಿಸಿದ ಸುದ್ದಿ ಬರುತ್ತದೆ. ಅರ್ಧ ಗಂಟೆಯೊಳಗೆ ‘ಮುಂದಿನವರು ಯಾರು’ ಅನ್ನುವ ಪಟ್ಟಿಯಲ್ಲಿ ನಮ್ಮವರ ಹೆಸರೂ ಇರುತ್ತದೆ. ಆಮೇಲೆ ಹುಟ್ಟುವ ಪ್ರಶ್ನೆಗಳು ಯಾವ ಕ್ಲಬ್‌ನ ಅಭಿಮಾನಿಗಾದರೂ ಹೆಚ್ಚುಕಡಿಮೆ ಒಂದೇ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲ ಗಾಬರಿ

ಒಪ್ಪಂದ ಇನ್ನೂ ಮೂರು ವರ್ಷ ಇದೆ. ಆದ್ರೂ ಬಿಟ್ಟು ಹೋಗಬಹುದಾ?

ಹೋಗಬಹುದು. ಉಳಿದ ವರ್ಷಗಳು ಅವರನ್ನು ಕಟ್ಟಿಹಾಕುವುದಿಲ್ಲ. ಕರೆದುಕೊಂಡು ಹೋಗುವವರು ಕೊಡಬೇಕಾದ ಹಣವನ್ನು ಜಾಸ್ತಿ ಮಾಡುತ್ತವೆ, ಅಷ್ಟೆ. 2022ರ ಸೆಪ್ಟೆಂಬರ್‌ನಲ್ಲಿ ಗ್ರಹಾಂ ಪಾಟರ್ ಬ್ರೈಟನ್ ಬಿಟ್ಟು ಚೆಲ್ಸಿಗೆ ಹೋದಾಗ ಒಪ್ಪಂದ ಇನ್ನೂ ವರ್ಷಗಟ್ಟಲೆ ಬಾಕಿ ಇತ್ತು. ಅವರಿಗೂ ಅವರ ಸಹಾಯಕರಿಗೂ ಸೇರಿ ಚೆಲ್ಸಿ ಕೊಟ್ಟ ಪರಿಹಾರ 2 ಕೋಟಿ ಪೌಂಡ್ ದಾಟಿತ್ತು ಎಂದು ವರದಿಯಾಯಿತು. 2021ರಲ್ಲಿ ಯೂಲಿಯಾನ್ ನಾಗೆಲ್ಸ್‌ಮನ್‌ಗಾಗಿ ಬಯರ್ನ್ ಮ್ಯೂನಿಕ್ ಲೈಪ್‌ಜಿಗ್‌ಗೆ ಕೊಡಲು ಒಪ್ಪಿದ್ದು ಸುಮಾರು 2.5 ಕೋಟಿ ಯೂರೋ ಎಂಬ ಲೆಕ್ಕ ಹೊರಬಿತ್ತು.

‘ಬಿಡೋದೇ ಇಲ್ಲ’ ಎಂದು ಕ್ಲಬ್ ಹಟ ಹಿಡಿಯಬಹುದು. ಆದರೆ ಮನಸ್ಸು ಆಗಲೇ ಬೇರೆ ಕಡೆ ಹೋಗಿರುವವರನ್ನು ಹಿಡಿದಿಟ್ಟುಕೊಂಡು ಏನು ಮಾಡುವುದು? ಅದರ ಫಲ ಏನಾಗುತ್ತದೆ ಎಂಬುದಕ್ಕೆ ವಾಟ್‌ಫರ್ಡ್ ಕಥೆ ಕೆಳಗೆ ಬರುತ್ತದೆ.

ಆಟಗಾರರಿಗೆ ಇರೋ ಹಾಗೆ ಟ್ರಾನ್ಸ್‌ಫರ್ ವಿಂಡೋ ಇವರಿಗೂ ಇಲ್ವಾ?

ಇಲ್ಲ. ಟ್ರಾನ್ಸ್‌ಫರ್ ವಿಂಡೋ ಅಂದರೆ ಆಟಗಾರರನ್ನು ಕೊಳ್ಳಲು, ಮಾರಲು ಗೊತ್ತುಮಾಡಿದ ಅವಧಿ; ಮ್ಯಾನೇಜರ್‌ಗಳಿಗೆ ಅಂಥದ್ದಿಲ್ಲ. ನಮ್ಮ ನಿದ್ದೆ ಕೆಡಿಸುವುದೇ ಇದು. ಸ್ಟ್ರೈಕರ್‌ನನ್ನು ಅಕ್ಟೋಬರ್‌ನಲ್ಲಿ ಯಾರೂ ಕೊಂಡುಕೊಳ್ಳಲಾಗದು. ಮ್ಯಾನೇಜರ್ ಮಾತ್ರ ಯಾವ ಮಂಗಳವಾರ ಬೇಕಾದರೂ ಹೋಗಬಹುದು. ಬ್ರೆಂಡನ್ ರಾಜರ್ಸ್ ಸೆಲ್ಟಿಕ್‌ನಿಂದ ಲೆಸ್ಟರ್‌ಗೆ ಹೋಗಿದ್ದು 2019ರ ಫೆಬ್ರವರಿಯಲ್ಲಿ, ಲೀಗ್ ಗೆಲುವು ಕಣ್ಣಿಗೆ ಕಾಣುತ್ತಿದ್ದಾಗ. ಉನೈ ಎಮೆರಿ ವಿಯಾರೆಯಾಲ್‌ನಿಂದ ಆಸ್ಟನ್ ವಿಲ್ಲಾಕ್ಕೆ ಹೋಗಿದ್ದು 2022ರ ಅಕ್ಟೋಬರ್‌ನಲ್ಲಿ. ರೂಬೆನ್ ಅಮೊರಿಮ್ ಲಿಸ್ಬನ್‌ನ ಸ್ಪೋರ್ಟಿಂಗ್ ಬಿಟ್ಟು ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ್ದು 2024ರ ನವೆಂಬರ್‌ನಲ್ಲಿ. ಆ ಸೀಸನ್‌ನಲ್ಲಿ ಅವರು ಲೀಗ್‌ನ ಮೊದಲ 11 ಪಂದ್ಯಗಳನ್ನೂ ಗೆದ್ದುಕೊಟ್ಟಿದ್ದರು.

ಈ ರಿಲೀಸ್ ಕ್ಲಾಝ್ ಅಂದ್ರೇನು? ಅದನ್ನ ಒಪ್ಪಿಕೊಂಡ ಕ್ಲಬ್ ದಡ್ಡತನ ಮಾಡಿದ ಹಾಗಲ್ವಾ?

‘ಇಷ್ಟು ಹಣ ಕಟ್ಟಿದವರಿಗೆ ಬಿಟ್ಟುಕೊಡುತ್ತೇವೆ’ ಎಂದು ಒಪ್ಪಂದದಲ್ಲೇ ಬರೆದಿಡುವ ಷರತ್ತು ಅದು. ಹಣ ಬಂದರೆ, ಮ್ಯಾನೇಜರ್ ಹೂಂ ಅಂದರೆ, ಮುಗಿಯಿತು. ಚೌಕಾಸಿಗೆ ಜಾಗವಿಲ್ಲ. 2011ರಲ್ಲಿ ಪೋರ್ಟೊಗೆ ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದುಕೊಟ್ಟ ಆಂದ್ರೆ ವಿಯಾಸ್-ಬೋಯಸ್ ಅವರನ್ನು ಚೆಲ್ಸಿ ಹೀಗೇ 1.5 ಕೋಟಿ ಯೂರೋ ಕಟ್ಟಿ ಎತ್ತಿಕೊಂಡು ಹೋಯಿತು. ಆಗ ಅವರಿಗೆ 33 ವರ್ಷ.

ದಡ್ಡತನ ಅಂತ ನನಗನ್ನಿಸುವುದಿಲ್ಲ. ಬೇಡಿಕೆಯಲ್ಲಿರುವ ಯುವ ಕೋಚ್ ಒಬ್ಬರು ಮಧ್ಯಮ ಗಾತ್ರದ ಕ್ಲಬ್‌ಗೆ ಬರುವಾಗ ಹೊರಗೆ ಹೋಗಲು ಒಂದು ಬಾಗಿಲು ಕೇಳಿಯೇ ಕೇಳುತ್ತಾರೆ. ಬಾಗಿಲು ಇಲ್ಲ ಅಂದರೆ ಅವರು ಬರುವುದೇ ಇಲ್ಲ. ಕ್ಲಬ್ ಜಾಣತನ ತೋರಿಸಬೇಕಾದದ್ದು ಮೊತ್ತದಲ್ಲಿ, ಮತ್ತು ಆ ಬಾಗಿಲು ಯಾವ ತಿಂಗಳಲ್ಲಿ ತೆರೆದಿರಬೇಕು ಅನ್ನುವುದರಲ್ಲಿ.

ನಮ್ಮನ್ನ ಕೇಳದೇ ಆ ಕ್ಲಬ್‌ನವರು ಅವರ ಹತ್ರ ಮಾತಾಡಬಹುದಾ?

ನಿಯಮದ ಪ್ರಕಾರ ಕೂಡದು. ಇಂಗ್ಲೆಂಡ್‌ನ ಪ್ರೀಮಿಯರ್ ಲೀಗ್‌ನಲ್ಲಿ ಒಪ್ಪಂದದಲ್ಲಿರುವ ಮ್ಯಾನೇಜರ್ ಜೊತೆ ಮಾತಾಡಬೇಕಾದರೆ ಮೊದಲು ಅವರ ಕ್ಲಬ್‌ನ ಅನುಮತಿ ಬೇಕು. ಫಿಫಾ ಕೂಡ 2021ರ ಜನವರಿಯಿಂದ ಕೋಚ್‌ಗಳ ಒಪ್ಪಂದಕ್ಕೆ ಅಂತಲೇ ಬೇರೆ ನಿಯಮ ತಂದಿದೆ. ಸರಿಯಾದ ಕಾರಣವಿಲ್ಲದೆ ಒಪ್ಪಂದ ಮುರಿದವರು ಪರಿಹಾರ ಕೊಡಬೇಕು ಎಂದು ಅದು ಹೇಳುತ್ತದೆ.

ನಡೆಯುವುದು ಬೇರೆ ಥರ. ಮಧ್ಯದಲ್ಲಿ ಏಜೆಂಟ್ ಇರುತ್ತಾರೆ. ‘ಒಂದು ವೇಳೆ ಕರೆ ಬಂದರೆ ನಿಮ್ಮವರಿಗೆ ಮನಸ್ಸಿದೆಯಾ’ ಎಂಬ ಮಾತು ಎರಡೂ ಕಡೆ ಓಡಾಡಿ ಮುಗಿದ ಮೇಲೆಯೇ ಅನುಮತಿ ಕೇಳುವ ಪತ್ರ ಬರುವುದು. ಪತ್ರ ಬರುವ ಹೊತ್ತಿಗೆ ಅರ್ಧ ಕೆಲಸ ಆಗಿರುತ್ತದೆ.

ನಾವು ಸೋಲ್ತಾ ಇದ್ರೆ ಯಾರೂ ಮೂಸಿ ನೋಡಲ್ಲ, ಅಲ್ವಾ?

ಹಾಗಂತ ಬರ್ನ್‌ಲಿ ಅಭಿಮಾನಿಗಳೂ ಅಂದುಕೊಂಡಿದ್ದರು. ವಿನ್ಸೆಂಟ್ ಕೊಂಪನಿ ಇದ್ದಾಗಲೇ ತಂಡ 2024ರಲ್ಲಿ ಪ್ರೀಮಿಯರ್ ಲೀಗ್‌ನಿಂದ ಕೆಳಗಿನ ಲೀಗ್‌ಗೆ ಇಳಿಯಿತು. ಅದೇ ತಿಂಗಳು ಅವರನ್ನು ಕರೆದುಕೊಂಡು ಹೋಗಿದ್ದು ಬಯರ್ನ್ ಮ್ಯೂನಿಕ್! ದೊಡ್ಡ ಕ್ಲಬ್‌ಗಳು ಫಲಿತಾಂಶದ ಜೊತೆಗೆ ಆಡಿಸುವ ರೀತಿಯನ್ನೂ ನೋಡುತ್ತವೆ.

## ಸುದ್ದಿ ಯಾವುದು, ಗಾಳಿಸುದ್ದಿ ಯಾವುದು

ದಿನಾ ಒಂದೊಂದು ಸುದ್ದಿ ಬರುತ್ತೆ. ಯಾವುದನ್ನ ನಂಬೋದು?

ಮೊದಲ ದಿನದ ಪಟ್ಟಿಯನ್ನು ಸುಮ್ನೆ ಬದಿಗಿಡಿ. ಕ್ರೀಡಾ ವರದಿಗಾರರಿಗೆ ಸಂಜೆಯೊಳಗೆ ಆರು ಹೆಸರು ಬೇಕು. ಚೆನ್ನಾಗಿ ಆಡುತ್ತಿರುವ ಮಧ್ಯಮ ಕ್ಲಬ್‌ಗಳ ಮ್ಯಾನೇಜರ್‌ಗಳನ್ನು ಸಾಲಾಗಿ ಬರೆದರೆ ಆರು ಆಗುತ್ತದೆ. ಬೆಟ್ಟಿಂಗ್ ಕಂಪನಿಗಳ ದರವನ್ನೂ ಜಾಸ್ತಿ ನೆಚ್ಚಬೇಡಿ. ದರ ಕಡಿಮೆಯಾದಷ್ಟೂ ಆ ಹೆಸರಿಗೆ ಸಾಧ್ಯತೆ ಹೆಚ್ಚು ಅಂತ ಅರ್ಥ, ಆದರೆ ಕಟ್ಟುವವರು ಕಡಿಮೆ ಇರುವ ಆಟದಲ್ಲಿ ಸ್ವಲ್ಪ ಹಣ ಬಿದ್ದರೂ ದರ ಕುಸಿಯುತ್ತದೆ. ನಾವು ಅದನ್ನು ಒಳಗಿನ ಸುದ್ದಿ ಅಂದುಕೊಳ್ಳುತ್ತೇವೆ.

ನಾನು ಕಿವಿ ನೆಟ್ಟಗೆ ಮಾಡುವುದು ಎರಡು ಸಂದರ್ಭದಲ್ಲಿ. ಒಂದು, ಪರಿಹಾರದ ಮೊತ್ತ ಮತ್ತು ಸಹಾಯಕರ ಹೆಸರು ಸುದ್ದಿಯಲ್ಲಿ ಬಂದಾಗ. ಅಷ್ಟು ವಿವರ ಹೊರಬಿತ್ತು ಅಂದರೆ ಯಾರೋ ಕಾಗದ ಇಟ್ಟುಕೊಂಡು ಲೆಕ್ಕ ಹಾಕುತ್ತಿದ್ದಾರೆ. ಎರಡು, ನಮ್ಮ ಕ್ಲಬ್ಬನ್ನು ವರ್ಷಗಳಿಂದ ಹಿಂಬಾಲಿಸುವ ಸ್ಥಳೀಯ ವರದಿಗಾರರು, ಯಾವಾಗಲೂ ‘ಸುಳ್ಳು’ ಅನ್ನುವವರು, ಇದ್ದಕ್ಕಿದ್ದಂತೆ ಸುಮ್ಮನಾದಾಗ.

ಖಾಸಗಿ ವಿಮಾನ ಎಲ್ಲಿಂದ ಹೊರಟಿತು ಅಂತ ರಾತ್ರಿ ಎರಡು ಗಂಟೆಗೆ ನಕ್ಷೆ ನೋಡುತ್ತಾ ಕೂತಿದ್ದೂ ಉಂಟು. ಅದರಿಂದ ಕಣ್ಣು ಉರಿದದ್ದು ಬಿಟ್ಟರೆ ಬೇರೇನೂ ಸಿಗಲಿಲ್ಲ.

‘ನಾನಿಲ್ಲಿ ಖುಷಿಯಾಗಿದ್ದೀನಿ’ ಅಂತ ಅವರೇ ಹೇಳಿದ್ರಲ್ಲ?

ಅದು ಇವತ್ತಿನ ಮಾತು. ನಾಳೆಯ ಬಗ್ಗೆ ಅವರು ಏನೂ ಹೇಳಿಲ್ಲ. ನಿಜವಾಗಿ ಉಳಿಯುವವರ ಮಾತಿನಲ್ಲಿ ಸಂದಿ ಇರುವುದಿಲ್ಲ. 2024ರ ಮಾರ್ಚ್‌ನಲ್ಲಿ ಲಿವರ್‌ಪೂಲ್ ಮತ್ತು ಬಯರ್ನ್ ಎರಡೂ ಕಡೆ ಶಾಬಿ ಅಲೊನ್ಸೊ ಹೆಸರು ಓಡುತ್ತಿತ್ತು. ಅವರು ಪತ್ರಕರ್ತರ ಮುಂದೆ ಕೂತು ಮುಂದಿನ ಸೀಸನ್‌ನಲ್ಲೂ ಲೆವರ್ಕುಸೆನ್‌ನಲ್ಲೇ ಇರುತ್ತೇನೆ ಎಂದು ನೇರವಾಗಿ ಹೇಳಿದರು. ಹಾಗೇ ಇದ್ದರು ಕೂಡ.

ಹೊಸ ಒಪ್ಪಂದಕ್ಕೆ ಸಹಿ ಹಾಕಿದ್ರು. ಇನ್ನು ಬಚಾವ್ ತಾನೇ?

ಒಂದು ವರ್ಷದ ಮಟ್ಟಿಗೆ ಹೌದು ಅನ್ನಬಹುದು. 2023ರಲ್ಲಿ ಟಾಟನಮ್ ಕಣ್ಣು ಹಾಕಿದಾಗ ಆರ್ನೆ ಸ್ಲಾಟ್ ಫೆಯೆನೂರ್ಡ್‌ನಲ್ಲೇ ಉಳಿದು ಒಪ್ಪಂದ ಮುಂದುವರಿಸಿದರು. ಮರುವರ್ಷ ಲಿವರ್‌ಪೂಲ್ ಬಂತು, ಹೋದರು. ಆ ಸಹಿಯಿಂದ ಫೆಯೆನೂರ್ಡ್‌ಗೆ ಸಿಕ್ಕಿದ್ದು ಇನ್ನೊಂದು ಸೀಸನ್, ಒಂದು ಡಚ್ ಕಪ್ ಮತ್ತು ಒಳ್ಳೆಯ ಪರಿಹಾರ. ಕಡಿಮೆಯೇನಲ್ಲ.

## ಹೋಗುವ ಹೊತ್ತು

ಹೇಗಿದ್ರೂ ಹೋಗ್ತಾರೆ ಅಂತಾದ್ರೆ ಸೀಸನ್ ಮುಗಿಯೋವರೆಗೆ ಇರಲಿ ಅಲ್ವಾ?

ಕೇಳಲು ನ್ಯಾಯವಾಗಿದೆ. ಆದರೆ ಈ ಪ್ರಶ್ನೆಗೆ 2021ರ ಜರ್ಮನಿ ಕೊಟ್ಟ ಉತ್ತರವನ್ನು ಪೂರ್ತಿ ಕೇಳಿ.

ಆ ಫೆಬ್ರವರಿಯಲ್ಲಿ ಗ್ಲಾಡ್‌ಬಾಕ್ ಕ್ಲಬ್‌ನ ಮಾರ್ಕೊ ರೋಸ ಸೀಸನ್ ಮುಗಿದ ಮೇಲೆ ಡಾರ್ಟ್‌ಮಂಡ್‌ಗೆ ಹೋಗುತ್ತಾರೆ ಎಂದು ಪ್ರಕಟವಾಯಿತು. ಒಪ್ಪಂದದಲ್ಲೇ ಷರತ್ತು ಇತ್ತು. ಮೇ ತನಕ ಇದ್ದು ಕೆಲಸ ಮುಗಿಸಿ ಹೋಗುವುದು ಅಂತ ಮಾತಾಯಿತು. ಮುಂದೆ ಆಗಿದ್ದು ಸತತ 7 ಸೋಲು. ಅದರಲ್ಲೊಂದು ಜರ್ಮನ್ ಕಪ್ ಕ್ವಾರ್ಟರ್‌ಫೈನಲ್. ಎದುರಾಳಿ ಯಾರು ಅಂದುಕೊಂಡಿರಿ? ಡಾರ್ಟ್‌ಮಂಡ್! ತಮ್ಮ ಮುಂದಿನ ಕ್ಲಬ್ ಎದುರಿಗೇ ರೋಸ 0-1ರಿಂದ ಸೋತು ಹೊರಬಿದ್ದರು. ಗ್ಲಾಡ್‌ಬಾಕ್ ಲೀಗ್‌ನಲ್ಲಿ 8ನೇ ಸ್ಥಾನಕ್ಕೆ ಜಾರಿತು. ಯುರೋಪಿನ ಟೂರ್ನಿಗಳ ಟಿಕೆಟ್ ತಪ್ಪಿತು.

ಇಲ್ಲಿಗೇ ಮುಗಿಯಲಿಲ್ಲ. ಪೆಟ್ಟು ತಿಂದ ಗ್ಲಾಡ್‌ಬಾಕ್ ತಾನೂ ಅದನ್ನೇ ಮಾಡಿತು. ಏಪ್ರಿಲ್‌ನಲ್ಲಿ ಫ್ರಾಂಕ್‌ಫರ್ಟ್‌ನ ಆಡಿ ಹ್ಯೂಟರ್ ಅವರನ್ನು ಮುಂದಿನ ಸೀಸನ್‌ಗೆ ಗೊತ್ತುಮಾಡಿಕೊಂಡಿತು. ರೋಸ ಅವರಿಂದ ಬಂದದ್ದು ಸುಮಾರು 50 ಲಕ್ಷ ಯೂರೋ, ಹ್ಯೂಟರ್‌ಗೆ ಕೊಟ್ಟದ್ದು ಸುಮಾರು 75 ಲಕ್ಷ ಎಂದು ಪತ್ರಿಕೆಗಳು ಬರೆದವು. ಪ್ರಕಟಣೆ ಬಂದ ದಿನ ಫ್ರಾಂಕ್‌ಫರ್ಟ್ 4ನೇ ಸ್ಥಾನದಲ್ಲಿತ್ತು. ಡಾರ್ಟ್‌ಮಂಡ್‌ಗಿಂತ 7 ಅಂಕ ಮುಂದಿತ್ತು. ಮೊದಲ ನಾಲ್ಕು ತಂಡಗಳಿಗೆ ಸಿಗುವ ಚಾಂಪಿಯನ್ಸ್ ಲೀಗ್ (ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿ) ಕೈಗೆ ಬಂದ ಹಾಗೇ. ನಾಲ್ಕು ದಿನ ಕಳೆದು ಮುಂದಿನ ಪಂದ್ಯ, ಅದೂ ಗ್ಲಾಡ್‌ಬಾಕ್ ವಿರುದ್ಧ. ಫ್ರಾಂಕ್‌ಫರ್ಟ್ 0-4ರಿಂದ ಸೋತಿತು. ಕೊನೆಗೆ 60 ಅಂಕದೊಂದಿಗೆ 5ನೇ ಸ್ಥಾನ. 4ನೇ ಸ್ಥಾನಕ್ಕೆ ಬಂದ ವೋಲ್ಫ್ಸ್‌ಬರ್ಗ್ ಹತ್ತಿರ 61 ಇತ್ತು. ಒಂದೇ ಒಂದು ಅಂಕ.

ಆಟಗಾರರು ಬೇಕಂತಲೇ ಸೋತರು ಅಂತ ನಾನು ಹೇಳುವುದಿಲ್ಲ. ಆದರೆ ‘ಮುಂದಿನ ವರ್ಷ ನಿನ್ನನ್ನು ಈ ಜಾಗದಲ್ಲಿ ಆಡಿಸುತ್ತೇನೆ’ ಎಂದು ಹೇಳುವ ಶಕ್ತಿ ಹೋಗುವ ಮ್ಯಾನೇಜರ್‌ಗೆ ಇರುವುದಿಲ್ಲ. ಬೆಂಚಿನ ಮೇಲೆ ಕೂತವನು ಹೊಸಬರಿಗಾಗಿ ಕಾಯುತ್ತಾನೆ. ಓಟದಲ್ಲಿ ಒಂದು ಹೆಜ್ಜೆ ಕಡಿಮೆಯಾದರೂ ಆ ಮಟ್ಟದ ಆಟದಲ್ಲಿ ಎದ್ದು ಕಾಣುತ್ತದೆ.

ಹಾಗಾಗಿ ನನ್ನ ಮಟ್ಟಿಗೆ, ಹೋದವರಿಗಿಂತ ಅರ್ಧ ಹೋದವರೇ ದುಬಾರಿ. ಹತ್ತು ದಿನದ ವಿದಾಯವಾದರೆ ಪರವಾಗಿಲ್ಲ. ಅಮೊರಿಮ್ ಹೋಗುವುದು ಖಚಿತವಾದ ಮೇಲೂ ಸ್ಪೋರ್ಟಿಂಗ್ ಮ್ಯಾಂಚೆಸ್ಟರ್ ಸಿಟಿಯನ್ನು 4-1ರಿಂದ ಬಡಿದಿತ್ತು. ಮೂರು ತಿಂಗಳು ಎಳೆದರೆ ಕಷ್ಟ.

ಕ್ಲಬ್ ‘ಬಿಡಲ್ಲ’ ಅಂತ ಗಟ್ಟಿಯಾಗಿ ನಿಂತ್ರೆ ಒಳ್ಳೇದಲ್ವಾ?

ವಾಟ್‌ಫರ್ಡ್ ನಿಂತಿತು. 2017ರ ನವೆಂಬರ್‌ನಲ್ಲಿ ಎವರ್ಟನ್ ಮಾರ್ಕೊ ಸಿಲ್ವಾ ಅವರನ್ನು ಕೇಳಿತು. ವಾಟ್‌ಫರ್ಡ್ ಆಗುವುದಿಲ್ಲ ಅಂದಿತು. ಅಲ್ಲಿಂದ ತಂಡ ಜಾರತೊಡಗಿತು. ಜನವರಿಯಲ್ಲಿ ಕ್ಲಬ್ಬೇ ಸಿಲ್ವಾ ಅವರನ್ನು ತೆಗೆದುಹಾಕಿ, ಇದಕ್ಕೆಲ್ಲ ಮೂಲ ಎದುರಾಳಿ ಕ್ಲಬ್‌ನ ಆ ಕರೆಯೇ ಎಂದು ದೂರಿತು. ಮೇ ತಿಂಗಳಲ್ಲಿ ಸಿಲ್ವಾ ಎವರ್ಟನ್‌ಗೇ ಹೋದರು. ಎರಡು ಕ್ಲಬ್‌ಗಳ ಜಗಳ ಹಣ ಕೊಟ್ಟು ರಾಜಿಯಾಗುವ ಹೊತ್ತಿಗೆ 2019 ಬಂದಿತ್ತು.

ಎಲ್ಲ ಸಲವೂ ಹೀಗಾಗುವುದಿಲ್ಲ. ಎಮೆರಿ 2021ರಲ್ಲಿ ನ್ಯೂಕಾಸಲ್ ಕರೆದಾಗ ತಾವೇ ಬೇಡ ಅಂದರು. ಆ ಸೀಸನ್‌ನಲ್ಲೇ ವಿಯಾರೆಯಾಲ್‌ನಂಥ ಸಣ್ಣ ಊರಿನ ತಂಡವನ್ನು ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ವರೆಗೆ ಕೊಂಡೊಯ್ದರು. ಬೇಡ ಅಂದದ್ದು ಯಾರು ಎಂಬುದನ್ನು ಗಮನಿಸಿ.

## ಹೋದ ಮೇಲೆ

ಅವರು ಹೋದ್ರೆ ನಮ್ಮ ಕಥೆ ಮುಗೀತಾ?

ಸೌತಾಂಪ್ಟನ್ ನೋಡಿ. 2014ರಲ್ಲಿ ಪೊಚೆಟ್ಟಿನೊ ಟಾಟನಮ್‌ಗೆ ಹೋದರು. ಅದೇ ಬೇಸಿಗೆಯಲ್ಲಿ ಲಲಾನಾ, ಲ್ಯಾಂಬರ್ಟ್, ಲೊವ್ರೆನ್, ಲ್ಯೂಕ್ ಶಾ ಎಲ್ಲರೂ ಮಾರಾಟವಾದರು. ಈ ಸಲ ಕೆಳಗಿಳಿಯುವುದು ಇವರೇ ಎಂದು ಎಷ್ಟೋ ಜನ ಭವಿಷ್ಯ ನುಡಿದಿದ್ದರು. ರೊನಾಲ್ಡ್ ಕುಮನ್ ಬಂದು ಮೊದಲ ವರ್ಷ 7ನೇ, ಮರುವರ್ಷ 6ನೇ ಸ್ಥಾನಕ್ಕೆ ಒಯ್ದರು. ಆಮೇಲೆ ಅವರನ್ನೂ ಎವರ್ಟನ್ ಎಗರಿಸಿತು, ಅದು ಬೇರೆ ಮಾತು. ಬ್ರೈಟನ್ ಪಾಟರ್ ಹೋದ ಸೀಸನ್‌ನಲ್ಲೇ ರಾಬರ್ಟೊ ಡಿ ಜೆರ್ಬಿ ಕೈಯಲ್ಲಿ 6ನೇ ಸ್ಥಾನ ಪಡೆದು ಮೊದಲ ಬಾರಿ ಯುರೋಪಿನ ಟೂರ್ನಿಗೆ ಹೋಯಿತು. ಸ್ಟೀವನ್ ಜೆರಾರ್ಡ್ 2021ರ ನವೆಂಬರ್‌ನಲ್ಲಿ ರೇಂಜರ್ಸ್ ಬಿಟ್ಟರು. ಆ ತಂಡ 2022ರ ಮೇನಲ್ಲಿ ಯುರೋಪಾ ಲೀಗ್ (ಯುರೋಪಿನ ಎರಡನೆಯ ದೊಡ್ಡ ಕ್ಲಬ್ ಟೂರ್ನಿ) ಫೈನಲ್ ಆಡಿತು.

ಇನ್ನೊಂದು ಮುಖವೂ ಇದೆ. 2010ರ ಜನವರಿಯಲ್ಲಿ ಓವನ್ ಕಾಯ್ಲ್ ಬರ್ನ್‌ಲಿ ಬಿಟ್ಟು ಪಕ್ಕದ ಬೋಲ್ಟನ್‌ಗೆ ಹೋದರು. ಸೀಸನ್ ಕೊನೆಗೆ ಬೋಲ್ಟನ್ ಉಳಿಯಿತು, ಬರ್ನ್‌ಲಿ ಕೆಳಗಿಳಿಯಿತು. ಎಲ್ಲಕ್ಕಿಂತ ದೊಡ್ಡ ಗಾಯ ಅಬರ್ಡೀನ್‌ದು. ಅಲೆಕ್ಸ್ ಫರ್ಗುಸನ್ ಅಲ್ಲಿ ಮೂರು ಸಲ ಸ್ಕಾಟಿಷ್ ಲೀಗ್ ಗೆದ್ದಿದ್ದರು. 1983ರಲ್ಲಿ ರಿಯಲ್ ಮ್ಯಾಡ್ರಿಡ್‌ನ್ನು ಸೋಲಿಸಿ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ತಂದಿದ್ದರು. 1986ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದರು. ಅಬರ್ಡೀನ್ ಆಮೇಲೆ ಒಮ್ಮೆಯೂ ಲೀಗ್ ಗೆದ್ದಿಲ್ಲ.

ವ್ಯತ್ಯಾಸ ಎಲ್ಲಿದೆ? ಆಟಗಾರರನ್ನು ಆರಿಸುವುದು, ಆಡುವ ರೀತಿ, ಮುಂದಿನವರ ಹೆಸರು, ಇವೆಲ್ಲ ಒಬ್ಬರ ತಲೆಯಲ್ಲೇ ಇದ್ದರೆ ಅವರ ಜೊತೆಗೇ ಹೋಗುತ್ತವೆ. ಕ್ಲಬ್‌ನ ಕಚೇರಿಯಲ್ಲಿ ಇದ್ದರೆ ಉಳಿಯುತ್ತವೆ.

ಸಹಾಯಕರನ್ನೂ ಕರ್ಕೊಂಡು ಹೋಗ್ತಾರಂತೆ. ಆಗೇನು ಮಾಡೋದು?

ಪಾಟರ್ ತಮ್ಮ ತಂಡವನ್ನೇ ಚೆಲ್ಸಿಗೆ ಕರೆದೊಯ್ದರು. ಬ್ರೈಟನ್ ಹೊರಗಿನಿಂದ ಹೊಸಬರನ್ನು ತಂದಿತು. ಬ್ರೆಂಟ್‌ಫರ್ಡ್ ದಾರಿ ಬೇರೆ. 2018ರಲ್ಲಿ ಡೀನ್ ಸ್ಮಿತ್ ಆಸ್ಟನ್ ವಿಲ್ಲಾಕ್ಕೆ ಹೋದಾಗ ಸಹಾಯಕರಾಗಿದ್ದ ಥಾಮಸ್ ಫ್ರಾಂಕ್‌ಗೆ ಪಟ್ಟ ಕಟ್ಟಿತು. ಅವರು ಮೊದಲ 10 ಪಂದ್ಯಗಳಲ್ಲಿ 8 ಸೋತರು. ಬೇರೆ ಕ್ಲಬ್ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ಕಾದರು. 2021ರಲ್ಲಿ ಬ್ರೆಂಟ್‌ಫರ್ಡ್ 74 ವರ್ಷಗಳ ನಂತರ ಮೇಲಿನ ಲೀಗ್ ಸೇರಿತು. 2025ರಲ್ಲಿ ಫ್ರಾಂಕ್‌ರನ್ನು ಟಾಟನಮ್ ಎಗರಿಸಿದಾಗ ಮತ್ತೆ ಒಳಗಿನವರೇ ಆದ ಕೀತ್ ಆಂಡ್ರ್ಯೂಸ್‌ಗೆ ಜವಾಬ್ದಾರಿ ಕೊಟ್ಟರು.

ಒಳಗಿನವರೇ ಸರಿ ಅಂತ ಸೂತ್ರ ಮಾಡಿಕೊಳ್ಳಬೇಡಿ. ಅಮೊರಿಮ್ ಹೋದ ಮೇಲೆ ಸ್ಪೋರ್ಟಿಂಗ್ ತನ್ನ ಬಿ ತಂಡದ ಜೊವಾವ್ ಪೆರೇರಾ ಅವರನ್ನು ಮೇಲೆ ತಂದಿತು. ಎರಡು ತಿಂಗಳೂ ಆಗಲಿಲ್ಲ, ಬದಲಿಸಬೇಕಾಯಿತು. ಆಮೇಲೆ ಬಂದ ರೂಯಿ ಬೋರ್ಜಸ್ ಅದೇ ಸೀಸನ್‌ನಲ್ಲಿ ಲೀಗ್, ಕಪ್ ಎರಡನ್ನೂ ಗೆದ್ದುಕೊಟ್ಟರು.

## ಇನ್ನೂ ಸ್ವಲ್ಪ ಆಳಕ್ಕೆ

ದೊಡ್ಡ ಕ್ಲಬ್‌ಗೆ ಹೋದವರು ಅಲ್ಲಿ ಉದ್ಧಾರ ಆಗ್ತಾರಾ?

ದೂರದ ಬೆಟ್ಟ ನುಣ್ಣಗೆ. ವಿಯಾಸ್-ಬೋಯಸ್‌ರನ್ನು ಚೆಲ್ಸಿ 2012ರ ಮಾರ್ಚ್‌ನಲ್ಲಿ ತೆಗೆಯಿತು. ಅವರ ಸಹಾಯಕರಾಗಿದ್ದ ಡಿ ಮತ್ತೆಯೊ ಎರಡೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದರು! ಎವರ್ಟನ್‌ನಲ್ಲಿ 11 ವರ್ಷ ಇದ್ದ ಡೇವಿಡ್ ಮೊಯೆಸ್ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಒಂದು ಸೀಸನ್ ಕೂಡ ಮುಗಿಸಲಿಲ್ಲ. ಪಾಟರ್‌ಗೆ ಸಿಕ್ಕಿದ್ದು ಏಳು ತಿಂಗಳು. 2021ರ ಆ ಜರ್ಮನ್ ಸರಪಳಿಯಲ್ಲಿ ರೋಸ, ಹ್ಯೂಟರ್ ಇಬ್ಬರೂ ಹೊಸ ಕ್ಲಬ್‌ನಲ್ಲಿ ಒಂದೇ ಸೀಸನ್ ಇದ್ದರು. ನಾಗೆಲ್ಸ್‌ಮನ್ ಎರಡನೆಯ ಸೀಸನ್ ಮುಗಿಸಲಿಲ್ಲ. ಟ್ರೋಫಿಯ ಹಬ್ಬ ಮಾಡಿದ್ದು ಪೆಟ್ಟು ತಿಂದಿದ್ದ ಫ್ರಾಂಕ್‌ಫರ್ಟ್. ಹ್ಯೂಟರ್ ಜಾಗಕ್ಕೆ ಬಂದ ಒಲಿವರ್ ಗ್ಲಾಸ್ನರ್ 2022ರಲ್ಲಿ ಯುರೋಪಾ ಲೀಗ್ ಗೆದ್ದುಕೊಟ್ಟರು.

ಸ್ಲಾಟ್ ಲಿವರ್‌ಪೂಲ್‌ನಲ್ಲಿ ಮೊದಲ ಸೀಸನ್‌ನಲ್ಲೇ ಪ್ರೀಮಿಯರ್ ಲೀಗ್ ಗೆದ್ದದ್ದೂ ನಿಜ. ಆದರೆ ಚಿಕ್ಕ ಕ್ಲಬ್‌ನಲ್ಲಿ ಡ್ರಾ ಕೂಡ ಸಾಧನೆ, ದೊಡ್ಡ ಕ್ಲಬ್‌ನಲ್ಲಿ ಅದು ಬಿಕ್ಕಟ್ಟು. ಎದುರಾಳಿಗಳು ಹಿಂದೆ ಸರಿದು ಗೋಲಿನ ಮುಂದೆ ಗುಂಪಾಗಿ ನಿಲ್ಲುತ್ತಾರೆ. ಪ್ರತಿದಾಳಿ ಮಾಡಿ ಹೆಸರು ಗಳಿಸಿದವರಿಗೆ ಅಲ್ಲಿ ಪ್ರತಿದಾಳಿಗೆ ಜಾಗವೇ ಇರುವುದಿಲ್ಲ.

ವಾಪಸ್ ಬಂದಾಗ ಬೈಯೋದಾ, ಚಪ್ಪಾಳೆ ಹೊಡೆಯೋದಾ?

ನಿಮ್ಮಿಷ್ಟ. 2022ರ ಅಕ್ಟೋಬರ್ ಕೊನೆಗೆ ಪಾಟರ್ ಚೆಲ್ಸಿಯನ್ನು ಕರೆದುಕೊಂಡು ಬ್ರೈಟನ್‌ಗೆ ಬಂದಾಗ ಜನ ಕೂಗಿ ಅಣಕಿಸಿದರು, ಬ್ರೈಟನ್ 4-1ರಿಂದ ಗೆದ್ದಿತು. ಆ ಸಂಜೆಯ ಸುಖ ನನಗೂ ಅರ್ಥವಾಗುತ್ತದೆ. ಆದರೆ ತೀರಾ ಕೆಟ್ಟದಾಗಿ ಬೈಯುವ ಮುಂಚೆ ಸ್ವಲ್ಪ ಯೋಚಿಸಿ. ಸೆಲ್ಟಿಕ್‌ಗೆ ರಾಜರ್ಸ್ 2023ರಲ್ಲಿ ಮರಳಿ ಬಂದರು. ಎವರ್ಟನ್‌ಗೆ ಮೊಯೆಸ್ 2025ರಲ್ಲಿ ಮರಳಿದರು. ಬೈದವರೇ ಹಾಡು ಕಟ್ಟಬೇಕಾಗುತ್ತದೆ.

ನಾವೂ ಅವರನ್ನ ಬೇರೆಯವರಿಂದ ತಾನೇ ತಂದದ್ದು?

ಈ ಪ್ರಶ್ನೆ ಕೇಳುವವರು ಕಡಿಮೆ, ಅದಕ್ಕೇ ಕೊನೆಗೆ ಇಟ್ಟಿದ್ದೇನೆ. ಅಮೊರಿಮ್‌ರನ್ನು ಸ್ಪೋರ್ಟಿಂಗ್ 2020ರ ಮಾರ್ಚ್‌ನಲ್ಲಿ, ಸೀಸನ್ ನಡುವೆ, 1 ಕೋಟಿ ಯೂರೋ ಕೊಡುವುದಾಗಿ ಹೇಳಿ ಬ್ರಾಗಾದಿಂದ ತಂದಿತ್ತು. ಬೋರ್ಜಸ್‌ರನ್ನೂ ಸೀಸನ್ ನಡುವೆಯೇ ವಿಟೋರಿಯಾ ಗಿಮರಾಯ್ಸ್‌ನಿಂದ ತಂದಿತು. ಆ ಊರುಗಳ ಅಭಿಮಾನಿಗಳ ಕೋಪ ಲಿಸ್ಬನ್‌ವರೆಗೆ ಕೇಳಿಸಲಿಲ್ಲ, ಅಷ್ಟೆ.

ಪಾಟರ್ ಅವರದಂತೂ ಉದ್ದ ದಾರಿ. 2011ರಲ್ಲಿ ಅವರು ಸ್ವೀಡನ್‌ನ ನಾಲ್ಕನೆಯ ದರ್ಜೆಯಲ್ಲಿದ್ದ ಎಸ್ಟರ್‌ಸುಂಡ್ ಸೇರಿದರು. ಅದನ್ನು ಮೇಲಿನ ಲೀಗ್‌ಗೆ ತಂದು, 2017ರಲ್ಲಿ ಸ್ವೀಡಿಷ್ ಕಪ್ ಗೆಲ್ಲಿಸಿ, 2018ರ ಫೆಬ್ರವರಿಯಲ್ಲಿ ಆರ್ಸೆನಲ್‌ನ್ನು ಅವರ ಮೈದಾನದಲ್ಲೇ 2-1ರಿಂದ ಸೋಲಿಸಿದರು. ಆ ಬೇಸಿಗೆಯಲ್ಲಿ ಸ್ವಾನ್ಸಿ ಅವರನ್ನು ಕರೆದುಕೊಂಡಿತು. ಒಂದು ವರ್ಷಕ್ಕೆ ಸ್ವಾನ್ಸಿಯಿಂದ ಬ್ರೈಟನ್, ಬ್ರೈಟನ್‌ನಿಂದ ಚೆಲ್ಸಿ. ಎಸ್ಟರ್‌ಸುಂಡ್ ಹಣದ ತಾಪತ್ರಯದಲ್ಲಿ ಸಿಕ್ಕಿ 2021ರಲ್ಲಿ ಮೇಲಿನ ಲೀಗ್‌ನಿಂದ ಇಳಿಯಿತು. ಪಾಟರ್ 2025ರ ಅಕ್ಟೋಬರ್‌ನಲ್ಲಿ ಸ್ವೀಡನ್‌ಗೆ ಮರಳಿದರು, ರಾಷ್ಟ್ರೀಯ ತಂಡದ ಕೋಚ್ ಆಗಿ.